ಹಿಂದಿನ ಸೀಟಿನವರನ್ನು ಕೇಳಿದವರಿಲ್ಲ

ಕಾಗವಾಡ ತಾಲ್ಲೂಕಿನ ಉಗಾರ ಬುದ್ರುಕದಲ್ಲಿ ಯಾರದಾದರೂ ಮನೆಯ ಮುಂದೆ ನಿಂತಿರುವ ದೊಡ್ಡ ಗಾಡಿಯ ಬಾನೆಟ್ ಮೇಲೆ ಕೈಯಿಟ್ಟು, 'ಮತ್ತೊಮ್ಮೆ ತಗೋಳೂದಾದ್ರ ಇದನ್ನ ತಗೋತೀರೇನ್ರಿ?' ಎಂದು ಕೇಳಿ ನೋಡಿ. ಮಾಲೀಕ ಮೊದಲು ನಿಮ್ಮನ್ನು ಮೇಲಿಂದ ಕೆಳಗೆ ಅಳೆಯುತ್ತಾನೆ. ಆಮೇಲೆ, 'ಮಾರ್ತೀನಂತ ಯಾರ್ ಹೇಳಿದ್ರು?' ಎನ್ನುತ್ತಾನೆ. ಇಂಥ ಪ್ರಶ್ನೆ ಕೇಳುವವನು ಒಂದೋ ದಲಾಲಿಯಾಗಿರಬೇಕು, ಇಲ್ಲವೇ ಕಂತು ತಪ್ಪಿದ್ದಕ್ಕೆ ಫೈನಾನ್ಸಿನವರು ಕಳಿಸಿದ ಆಸಾಮಿಯಾಗಿರಬೇಕು. ಮೂರನೆಯ ಜಾತಿಯ ಮನುಷ್ಯ ಇರಬಹುದೆಂದು ಯಾರೂ ನಂಬುವುದಿಲ್ಲ. ನೀವು ಎರಡೂ ಅಲ್ಲವೆಂದು ಖಾತ್ರಿಯಾದ ಮೇಲೆ ಚಹಾ ಬರುತ್ತದೆ. ಚಹಾದ ಹಿಂದೆಯೇ ಉತ್ತರವೂ ಬರುತ್ತದೆ: 'ಇದನ್ನ! ಕಣ್ಣ ಮುಚ್ಚಿ ತಗೋತೀನಿ!'

ಕಣ್ಣು ತೆರೆದುಕೊಂಡು ತಗೊಳ್ಳುವುದು ಹೇಗೂ ಸಾಧ್ಯವಿಲ್ಲ. ಥಾರ್ ರಾಕ್ಸ್ ಎಂಬ ಗಾಡಿ 2024ರ ಆಗಸ್ಟ್ 15ರಂದು ಸ್ವಾತಂತ್ರ್ಯ ದಿನಕ್ಕೆ ಸರಿಯಾಗಿ ಬಂದಾಗ ಅದರ ಆರಂಭದ ಬೆಲೆ 12.99 ಲಕ್ಷ ರೂಪಾಯಿ, ಅದೂ ಶೋರೂಮಿನ ಒಳಗಿನ ಬೆಲೆ. ಟನ್ ಕಬ್ಬಿಗೆ 3,300 ರೂಪಾಯಿ ಎಂದು ಹಿಡಿಯಿರಿ. ಗಾಡಿಯ ಮುಖ ನೋಡುವುದಕ್ಕೇ ಸುಮಾರು 394 ಟನ್ ಕಬ್ಬು ನುರಿಯಬೇಕಾಯಿತು. ಎಕರೆಗೆ 40 ಟನ್ ಬೆಳೆಯುವ ಪುಣ್ಯವಂತನಾದರೂ ಹತ್ತು ಎಕರೆಯ ವರ್ಷದ ಬೆಳೆ. ಗೊಬ್ಬರ, ನೀರು, ಕರೆಂಟು, ಸೊಸೈಟಿ ಸಾಲ ಇವೆಲ್ಲ ಇನ್ನೂ ಲೆಕ್ಕದ ಹೊರಗೇ ನಿಂತಿವೆ. ಆಮೇಲೆ ಪೆಟ್ರೋಲ್ ಹಾಕಬೇಕು.

ಆ 3,300 ಆದರೂ ಪುಕ್ಕಟೆ ಬಂದದ್ದಲ್ಲ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು 3,500 ಕೊಡಿ ಎಂದು ದಿನಗಟ್ಟಲೆ ರಸ್ತೆಯ ಮೇಲೆ ಕೂತರು. ಮುಖ್ಯಮಂತ್ರಿ ಸಿದ್ದರಾಮಯ್ಯ ಕಾರ್ಖಾನೆಯವರನ್ನು ಕರೆದು ಕೂಡಿಸಿಕೊಂಡು 3,300ಕ್ಕೆ ತಂದು ನಿಲ್ಲಿಸಿದರು. ಮುಖ್ಯಮಂತ್ರಿಯನ್ನೇ ಮಾತಿಗೆಳೆದ ಅದೇ ರೈತ ಶೋರೂಮಿನ ಏಸಿಯಲ್ಲಿ ಗಾಜಿನ ಮೇಜಿನ ಮುಂದೆ ಕೂತಾಗ, ಟೈ ಕಟ್ಟಿದ ಇಪ್ಪತ್ತೆರಡು ವರ್ಷದ ಹುಡುಗನೊಡನೆ ತಾಸುಗಟ್ಟಲೆ ಚೌಕಾಸಿ ಮಾಡಿ ಗೆದ್ದು ತರುವುದೇನು? ಫುಟ್‌ಮ್ಯಾಟ್. ತಾನು ಮಾರುವುದಕ್ಕೆ ಬೇರೆಯವರು ದರ ಕಟ್ಟುತ್ತಾರೆ, ತಾನು ಕೊಳ್ಳುವುದಕ್ಕೂ ಬೇರೆಯವರೇ ದರ ಕಟ್ಟುತ್ತಾರೆ. ಅವನ ಕೈಯಲ್ಲಿ ಉಳಿದ ಮಾರುಕಟ್ಟೆ ಎಂದರೆ ಆ ರಬ್ಬರಿನ ಚಾಪೆಯೊಂದೇ.

ಕಾರ್ಖಾನೆ ಕಬ್ಬು ತಗೊಂಡ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಹಳ ಒಳ್ಳೆಯ ಆದೇಶ. ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆ. ಗಾಡಿ ಸಾಲದ ಕಂತಿಗೆ ಇಂಥ ಆದೇಶದ ಹಂಗಿಲ್ಲ. ಅದು ತಾರೀಖಿಗೆ ಸರಿಯಾಗಿ ಖಾತೆಯ ಬಾಗಿಲು ತಟ್ಟುತ್ತದೆ. ಖಾತೆ ಖಾಲಿಯಿದ್ದರೆ ದಂಡ ಬರೆದು ಹೋಗುತ್ತದೆ.

ಇಷ್ಟಾದರೂ 'ಇದನ್ನ ತಗೋತೀನಿ' ಎಂಬ ಮಾತು ಅಲುಗುವುದಿಲ್ಲ. ಏಕೆ ಎನ್ನುವುದಕ್ಕೆ ಅಜ್ಜಂದಿರ ಕಾಲಕ್ಕೆ ಹೋಗಬೇಕು. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗಿ ಖಿಲಾರಿ ಎತ್ತು ತರುತ್ತಿದ್ದವರು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು. ಮೈಮೇಲಿನ ಸುಳಿ ಹುಡುಕುತ್ತಿದ್ದರು, ಗೊರಸು ತಟ್ಟಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಇಷ್ಟಾದ ಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಅಷ್ಟು ಮಾಡಿಯೂ ಎತ್ತು ಒದೆಯುವಂಥದ್ದಾದರೆ ಮುಂದಿನ ಜಾತ್ರೆಯಲ್ಲಿ ನಾಚಿಕೆಯಿಲ್ಲದೆ ಮಾರಿ ಬರುತ್ತಿದ್ದರು, ಏಕೆಂದರೆ ತಪ್ಪು ಎತ್ತಿನದು. ಮೊಮ್ಮಗ ಗಾಡಿ ನೋಡಲು ಹೋದಾಗ ಶೋರೂಮಿನಿಂದ ನುಣುಪಾದ ರಸ್ತೆಯಲ್ಲಿ ಒಂದು ಸುತ್ತು ಹಾಕಿಸುತ್ತಾರೆ, ಸ್ಟೀರಿಂಗ್ ಹಿಡಿದ ಫೋಟೊ ತೆಗೆಯುತ್ತಾರೆ, ಕೊರಳಿಗೆ ಹಾರ ಹಾಕುತ್ತಾರೆ. ಹಾರ ಬಿದ್ದಮೇಲೆ ಗಾಡಿ ಮಾಲೀಕನ ಮರ್ಯಾದೆಯ ಭಾಗ. ಅದು ಕೆಟ್ಟರೆ ಕೆಟ್ಟದ್ದು ಮರ್ಯಾದೆ. ಸಾಲದ್ದಕ್ಕೆ ಇವನ ಮಾತು ನಂಬಿ ಬೀಗರೂ ಅದನ್ನೇ ತಗೊಂಡಿದ್ದಾರೆ. ಈಗ 'ಬ್ಯಾಡಾಗಿತ್ತು' ಎಂದರೆ ಮಗಳ ಮನೆಗೆ ಯಾವ ಮುಖ ಹೊತ್ತು ಹೋಗುವುದು?

ಹಾಗಾಗಿ ಗಾಡಿಯ ಪ್ರತಿಯೊಂದು ಕುಂದೂ ಗುಣವಾಗಿ ಬಡ್ತಿ ಪಡೆಯುತ್ತದೆ. ಎಂಜಿನ್ ಸದ್ದು ಜಾಸ್ತಿಯಲ್ಲವೇ ಎಂದರೆ, 'ಬಂದದ್ದು ಊರಿಗೆ ತಿಳೀಬೇಕಲ್ರಿ.' ಕುಲುಕುತ್ತದಲ್ಲ ಎಂದರೆ, 'ಉಂಡದ್ದು ಕರಗತೈತಿ.' ಸಂದಿಯಲ್ಲಿ ತಿರುಗುವುದಿಲ್ಲವಲ್ಲ ಎಂದರೆ, 'ಸಂದಿಯೊಳಗ ನಮಗೇನ್ ಕೆಲಸ?' ಮೈಲೇಜ್ ಬಗ್ಗೆ ಮಾತ್ರ ಕೇಳಬೇಡಿ. ಅದನ್ನು ಕೇಳುವವನು ಸ್ಕೂಟಿ ತಗೊಳ್ಳಬೇಕಂತೆ.

ಜಾಹೀರಾತಿನಲ್ಲಿ ಈ ಗಾಡಿಗಳು ಮರಳುಗಾಡು ದಾಟುತ್ತವೆ, ಹಿಮದ ಗುಡ್ಡ ಹತ್ತುತ್ತವೆ, ಹೊಳೆಗೆ ಹಾರಿ ಆಚೆ ದಡದಲ್ಲಿ ಮೈ ಕೊಡವಿಕೊಂಡು ನಿಲ್ಲುತ್ತವೆ. ಪೇಟೆಯವರು ಇಂಥ ಸಾಹಸಕ್ಕೆ ರಜೆ ಹಾಕಿ ಲಡಾಖಿಗೆ ಹೋಗುತ್ತಾರಂತೆ. ಕಾಗವಾಡ ತಾಲ್ಲೂಕಿನವರಿಗೆ ಸರಕಾರ ಆ ಸೌಕರ್ಯವನ್ನು ಮನೆಬಾಗಿಲಿಗೇ ಒದಗಿಸಿದೆ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಡಬಲ್ ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಉಗಾರ ಖುರ್ದದ ಕಾರ್ಖಾನೆಯ ಕಡೆ ಸಾಲುಗಟ್ಟುತ್ತವೆ. 1939ರಲ್ಲಿ ಹುಟ್ಟಿದ ಕಾರ್ಖಾನೆ ಅದು, ಅದರ ಹಸಿವು ಇನ್ನೂ ಇಂಗಿಲ್ಲ. ಟ್ರಾಲಿಗಳು ಹೋದ ದಾರಿಯಲ್ಲಿ ಡಾಂಬರಿಗೆ ಆಗುವುದು ಆಗಿಯೇ ಆಗುತ್ತದೆ. ಆಮೇಲೆ ಪ್ಯಾಚ್ ಹಾಕುತ್ತಾರೆ. ಅಲ್ಲಿಯವರೆಗೆ ತಗ್ಗಾಗಿದ್ದದ್ದು ಇನ್ನು ಮುಂದೆ ದಿಬ್ಬವಾಗಿರುತ್ತದೆ. ಇಂಥ ರಸ್ತೆ ಇರುವುದರಿಂದ ಇಂಥ ಗಾಡಿ ಬೇಕು ಎನ್ನುತ್ತಾನೆ ಮಾಲೀಕ. ಇಂಥ ಗಾಡಿಗಳು ಬಂದಿರುವುದರಿಂದ ರಸ್ತೆಗೇನು ಅವಸರ ಎನ್ನುತ್ತದೆ ಇಲಾಖೆ, ಬಾಯಿಬಿಟ್ಟು ಹೇಳದೆ.

ಇನ್ನು ಹೊಳೆ. ಥಾರ್ 650 ಮಿಲಿಮೀಟರ್ ಆಳದ ನೀರಿನಲ್ಲಿ ದಾಟಬಲ್ಲದು ಎಂದು ಕಂಪನಿಯೇ ಹೇಳುತ್ತದೆ. ಎರಡು ಅಡಿ, ಮೇಲೆ ಒಂದೂವರೆ ಇಂಚು. ಕೃಷ್ಣಾ ನದಿ ಈ ಕೈಪಿಡಿ ಓದಿದಂತೆ ಕಾಣುವುದಿಲ್ಲ. 2005ರಲ್ಲಿ, 2019ರಲ್ಲಿ, 2021ರಲ್ಲಿ ಅದು ಬಂದ ರೀತಿ ನೋಡಿದವರಿಗೆ ಗೊತ್ತು, ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದು ಕೊಯ್ನಾ ಅಣೆಕಟ್ಟಿನ ನೀರು ಬಿಟ್ಟರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಉಗಾರ–ಕುಡಚಿ ಸೇತುವೆ ಮುಳುಗಿದ ಸುದ್ದಿ ಪತ್ರಿಕೆಯಲ್ಲಿ ಮಳೆಗಾಲದ ಪಂಚಾಂಗದಂತೆ ಅಚ್ಚಾಗುತ್ತದೆ. ಆಗ ನೋಡಬೇಕು ಮಜಾ. ಮರಳುಗಾಡು ಗೆದ್ದ ಗಾಡಿಗಳು ಎತ್ತರದ ಶಾಲೆಯ ಆವರಣದಲ್ಲಿ ಸಾಲಾಗಿ ನಿಂತಿರುತ್ತವೆ. ದನಕರು, ಕಾಳಿನ ಚೀಲ, ಮುದುಕರು, ಟಿವಿ ಎಲ್ಲವನ್ನೂ ದಾಟಿಸುವುದು ಸೀಟಿಗೆ ಸ್ಪಂಜೂ ಇಲ್ಲದ ಟ್ರ್ಯಾಕ್ಟರ್. ದೊಡ್ಡ ಗಾಡಿ ಕೆಸರಿನಲ್ಲಿ ಹೂತರೆ ಸರಪಳಿ ಕಟ್ಟಿ ಎಳೆಯುವುದೂ ಅದೇ. ಟ್ರ್ಯಾಕ್ಟರನ್ನು ಮತ್ತೆ ತಗೋತೀರಾ ಎಂದು ಈವರೆಗೆ ಯಾರೂ ಯಾರನ್ನೂ ಕೇಳಿಲ್ಲ.

ದಿಲ್ಲಿಯವರಿಗೂ ಈ ಗಾಡಿಗಳ ಮೇಲೆ ಪ್ರೀತಿ ಕಡಿಮೆಯಿರಲಿಲ್ಲ. 2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ ಕೂತು, ಹೆಚ್ಚಿನ ತೆರಿಗೆ ಹಾಕಲು ಯಾವುದನ್ನು ದೊಡ್ಡ ಗಾಡಿ ಎನ್ನಬೇಕು ಎಂದು ವಿಚಾರ ಮಾಡಿತು. ಉದ್ದ 4,000 ಮಿಲಿಮೀಟರ್ ದಾಟಿರಬೇಕು, ಎಂಜಿನ್ 1,500 ಸಿಸಿ ಮೀರಿರಬೇಕು, ಹೊಟ್ಟೆಗೂ ನೆಲಕ್ಕೂ ನಡುವೆ 170 ಮಿಲಿಮೀಟರ್ ಅಂತರ ಇರಬೇಕು, ಅದೂ ಗಾಡಿ ಖಾಲಿ ಇದ್ದಾಗ ಅಳೆದದ್ದು. ಖಾಲಿ ಇದ್ದಾಗ! ಈ ನಿಯಮ ಬರೆದ ಪುಣ್ಯಾತ್ಮರು ಮಾಯಕ್ಕನ ಜಾತ್ರೆಗೆ ಹೊರಟ ಸ್ಕಾರ್ಪಿಯೊ ನೋಡಿಲ್ಲ. ಒಳಗೆ ಹನ್ನೊಂದು ಜನ, ಮಡಿಲಲ್ಲಿ ನಾಲ್ಕು ಮಕ್ಕಳು, ಕಾಲಬುಡದಲ್ಲಿ ಹೋಳಿಗೆಯ ಬುಟ್ಟಿ, ಮೇಲೆ ಜಮಖಾನೆಯ ಗಂಟು. ಆಗ ನೆಲಕ್ಕೂ ಗಾಡಿಗೂ ನಡುವೆ ಉಳಿಯುವ ಅಂತರದಲ್ಲಿ ಇರುವೆ ತಲೆ ಬಗ್ಗಿಸಿ ಹೋಗಬೇಕು. ಆ ಅಳತೆಯಲ್ಲಿ ನಮ್ಮ ಭಾಗದ ಯಾವ ಗಾಡಿಯೂ ದೊಡ್ಡ ಗಾಡಿಯಲ್ಲ. ಎಲ್ಲರಿಗೂ ತೆರಿಗೆ ವಾಪಸು ಕೊಡಬೇಕು.

ತೆರಿಗೆ ಎಂದಕೂಡಲೇ ನಂಬರ್ ಪ್ಲೇಟು. ಕರ್ನಾಟಕದಲ್ಲಿ 10 ಲಕ್ಷ ದಾಟಿದ ಕಾರಿಗೆ ಆಜೀವ ತೆರಿಗೆ ಶೇ 17, 20 ಲಕ್ಷ ದಾಟಿದರೆ ಶೇ 18. ದೇಶದಲ್ಲೇ ಭಾರದ ತೆರಿಗೆಗಳಲ್ಲಿ ಇದೂ ಒಂದು. ಗಡಿಯಾಚೆ ಸ್ವಲ್ಪ ಹಗುರ. ಹಾಗಾಗಿ ಸಾಂಗಲಿಯ ಎಂಎಚ್ 10, ಕೊಲ್ಹಾಪುರದ ಎಂಎಚ್ 09 ಹೊತ್ತ ಗಾಡಿಗಳು ಉಗಾರದ ಅಂಗಳದಲ್ಲಿ ರಾತ್ರಿ ಮಲಗುತ್ತವೆ, ಚಿಕ್ಕೋಡಿಯ ಕೆಎ 23ರ ಪಕ್ಕದಲ್ಲೇ. ಹನ್ನೆರಡು ತಿಂಗಳು ಮೀರಿ ಇಲ್ಲೇ ಇದ್ದರೆ ಇಲ್ಲಿಯ ನಂಬರ್ ಹಾಕಿಸಬೇಕೆಂದು ಕಾಯ್ದೆ. ಮಾಲೀಕ ಹನ್ನೊಂದನೆಯ ತಿಂಗಳಲ್ಲಿ ಮಿರಜಕ್ಕೆ ಹೋಗಿ ಚಹಾ ಕುಡಿದು ಬರುತ್ತಾನೆ. ಹೊಸ ಲೆಕ್ಕ ಶುರುವಾಯಿತೆಂಬುದು ಅವನ ಕಾನೂನು ಜ್ಞಾನ. ಆ ಗಡಿಯೇ ಯಾರದೆಂಬ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ನವೆಂಬರ್ 1ರಂದು ಹಳದಿ ಕೆಂಪು ಶಾಲು ಹೊದ್ದು ಗಡಿ ರಕ್ಷಣೆಯ ಭಾಷಣ ಮಾಡುವವರೂ ವೇದಿಕೆಯ ಹಿಂದೆ ಯಾವ ಪ್ಲೇಟಿನ ಗಾಡಿಯಿಂದ ಇಳಿದರು ಎಂದು ಬಗ್ಗಿ ನೋಡಬೇಡಿ, ಸಭೆ ಕೆಡುತ್ತದೆ.

ಗಾಡಿ ಎಂದರೆ ಇಲ್ಲಿ ಹುದ್ದೆ ಕೂಡ ಹೌದು. ಬೊಲೆರೊ ಇಳಿದವನು ಗ್ರಾಮ ಪಂಚಾಯಿತಿ, ಸ್ಕಾರ್ಪಿಯೊ ಇಳಿದವನು ಜಿಲ್ಲಾ ಪಂಚಾಯಿತಿ, ಫಾರ್ಚುನರ್ ಇಳಿದವನಿಗೆ ಟಿಕೆಟ್ ಸಿಗುವುದೊಂದೇ ಬಾಕಿ. ಜಿಲ್ಲಾ ಪಂಚಾಯಿತಿಗೆ ಚುನಾವಣೆಯೇ ಆಗದೆ ವರ್ಷಗಳಾದವು, ಆದರೂ ಸ್ಕಾರ್ಪಿಯೊಗಳು ನಿಂತಿಲ್ಲ. 2002ರಲ್ಲಿ ಮೊದಲ ಸ್ಕಾರ್ಪಿಯೊ ಬಂದಾಗ ತಗೊಂಡ ಮನೆಯಲ್ಲಿ ಈಗ ಮೂರನೆಯದು ನಿಂತಿದೆ. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೊವನ್ನು ಗೋಡೆಗೆ ಹೊಡೆಸಿ ಸುರಕ್ಷತೆಗೆ ಸೊನ್ನೆ ನಕ್ಷತ್ರ ಕೊಟ್ಟಿತು. ಊರಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗೋಡೆಗೆ ಹೊಡೆದದ್ದು ಗಾಡಿಯ ತಪ್ಪೇ? 2022ರ ಸ್ಕಾರ್ಪಿಯೊ-ಎನ್ ಐದು ನಕ್ಷತ್ರ ತಂದಾಗ ಮಾತ್ರ, 'ನಾ ಮೊದಲ ಹೇಳಿದ್ದಿಲ್ಲೇನ, ಗಟ್ಟಿ ಗಾಡಿ' ಎಂದರು, ಹಳೆಯದರ ಬಾನೆಟ್ ತಟ್ಟುತ್ತ.

ಅದನ್ನೇ ಮತ್ತೆ ಕೊಳ್ಳುವ ಚಟ ಗಾಡಿಗೆ ನಿಲ್ಲುವುದಿಲ್ಲ. ಕಾಗವಾಡ ಕ್ಷೇತ್ರದ ಶೋರೂಮಿನಲ್ಲಿ 2018ರಲ್ಲಿ ಎರಡು ಮಾದರಿಗಳಿದ್ದವು: ಕಾಂಗ್ರೆಸ್ಸಿನ ಶ್ರೀಮಂತ ಪಾಟೀಲ, ಬಿಜೆಪಿಯ ರಾಜು ಕಾಗೆ. 2019ರ ಉಪಚುನಾವಣೆಯ ಹೊತ್ತಿಗೆ ಪಾಟೀಲರು ಬಿಜೆಪಿ, ಕಾಗೆಯವರು ಕಾಂಗ್ರೆಸ್. ಎಂಜಿನ್ ಅದೇ, ಚಾಸಿ ಅದೇ, ಮುಂದಿನ ಗ್ರಿಲ್ ಮಾತ್ರ ಅದಲುಬದಲು. 2018ರಲ್ಲಿ ಮತ್ತು 2019ರಲ್ಲಿ ಪಾಟೀಲರನ್ನು ಕೊಂಡ ಮತದಾರ 2023ರಲ್ಲಿ ಕಾಗೆಯವರನ್ನು ಮನೆಗೆ ತಂದ. ಪಕ್ಕದ ಅಥಣಿಯಲ್ಲೂ ಇದೇ ಕಂಪನಿ: 2018ರಲ್ಲಿ ಮಹೇಶ ಕುಮಟಳ್ಳಿ ಕಾಂಗ್ರೆಸ್, ಲಕ್ಷ್ಮಣ ಸವದಿ ಬಿಜೆಪಿ, 2023ರಲ್ಲಿ ಸವದಿ ಕಾಂಗ್ರೆಸ್, ಕುಮಟಳ್ಳಿ ಬಿಜೆಪಿ. ಇಷ್ಟೆಲ್ಲ ಬದಲಾದರೂ ಮತದಾರನಿಗೆ ಟೆಸ್ಟ್ ಡ್ರೈವ್ ಕೊಟ್ಟವರಿಲ್ಲ. ಫುಟ್‌ಮ್ಯಾಟ್ ಮಾತ್ರ ಮತದಾನದ ಹಿಂದಿನ ರಾತ್ರಿ ಮನೆ ಮನೆಗೆ ಬರುತ್ತದೆ ಎಂದು ಹೇಳುವವರಿದ್ದಾರೆ.

ಈ ಎಲ್ಲ ಗದ್ದಲದಲ್ಲಿ ಒಂದು ಸಂಗತಿ ನನ್ನ ಗಮನಕ್ಕೆ ಬಂದಿದೆ. 'ಕಣ್ಣ ಮುಚ್ಚಿ ಇದನ್ನ' ಎಂದವರೆಲ್ಲ ಸ್ಟೀರಿಂಗ್ ಹಿಂದೆ ಕೂತವರು. ಬೊಲೆರೊದ ಕೊನೆಯಲ್ಲಿ ಎದುರುಬದುರಾಗಿ ಎರಡು ಸಣ್ಣ ಸೀಟುಗಳಿವೆ. ಅಲ್ಲಿ ಕೂತವರ ಮೊಣಕಾಲು ಮೊಣಕಾಲಿಗೆ ತಾಗುತ್ತದೆ, ತಗ್ಗು ಬಂದಾಗ ತಲೆ ಸೂರಿಗೆ ತಾಗುತ್ತದೆ. ಊರು ಬಿಟ್ಟು ಕಾಗವಾಡ ಮುಟ್ಟುವುದರೊಳಗೆ ಬೀಗತಿಯರಿಬ್ಬರು ಹತ್ತು ವರ್ಷದ ಮುನಿಸು ಮರೆತು ಒಬ್ಬರನ್ನೊಬ್ಬರು ಹಿಡಿದುಕೊಂಡಿರುತ್ತಾರೆ. ಮೂರು ಬಾಗಿಲಿನ ಥಾರಿನಲ್ಲಿ ಹಿಂದಿನವರಿಗೆ ಬಾಗಿಲೇ ಇಲ್ಲ. ಮುಂದಿನ ಸೀಟು ಮಡಚಿ, ಮೈ ಮುದುಡಿ, ನುಸುಳಿ ಹೋಗಬೇಕು. ಎಪ್ಪತ್ತೈದರ ಅಜ್ಜಿಯನ್ನು ಮಿರಜದ ಮೊಣಕಾಲಿನ ಡಾಕ್ಟರಿಗೆ ತೋರಿಸಲು ಇಂಥದ್ದಕ್ಕೆ ಹತ್ತಿಸುತ್ತಾರೆ. ಒಬ್ಬ ಮೊಮ್ಮಗ ಮೇಲಿಂದ ಕೈ ಎಳೆಯುತ್ತಾನೆ, ಸೊಸೆ ಕೆಳಗಿನಿಂದ ನೂಕುತ್ತಾಳೆ, ಮಗ ಹಾರ್ನ್ ಹೊಡೆಯುತ್ತಾನೆ. ಹೋಗುವಾಗ ಒಂದು ಮೊಣಕಾಲಿನ ನೋವು, ಬರುವಾಗ ಎರಡೂ.

ಅಜ್ಜಿ ಪ್ರತಿಸಲವೂ ಒಂದೇ ಮಾತು ಹೇಳುತ್ತಾಳೆ: 'ರೈಲಿಗೆ ಹೋಗೂಣು.' ಉಗಾರ ಖುರ್ದದ ಸ್ಟೇಷನ್ನಿನಿಂದ ಮಿರಜಕ್ಕೆ ಪ್ಯಾಸೆಂಜರ್ ಇದೆ, ಕಾಲು ಚಾಚಿ ಕೂರಬಹುದು, ಟಿಕೆಟ್ಟಿನ ದುಡ್ಡು ಅವಳ ಎಲೆಅಡಿಕೆ ಚೀಲದಲ್ಲೇ ಸಿಗುತ್ತದೆ. ಆದರೆ ಮನೆಯಲ್ಲಿ ಅಷ್ಟು ದೊಡ್ಡ ಗಾಡಿ ನಿಲ್ಲಿಸಿಕೊಂಡು ಮುದುಕಿಯನ್ನು ರೈಲಿಗೆ ಕಳಿಸಿದರೆ ಊರೇನು ಅಂದೀತು?

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಇನ್ನು ಮೇಲೆ 'ಮತ್ತೊಮ್ಮೆ ಇದನ್ನ ತಗೋತೀರೇನ್ರಿ' ಎಂದು ಕೇಳುವುದಿದ್ದರೆ ಡ್ರೈವರ್ ಕಿಟಕಿಯ ಹತ್ತಿರ ಹೋಗಬೇಡಿ. ಹಿಂದಿನ ಬಾಗಿಲು ತೆಗೆಯಿರಿ, ಬಾಗಿಲಿಲ್ಲದಿದ್ದರೆ ಸೀಟು ಮಡಚಿ. ಮೊದಲು ಅಲ್ಲಿ ಕೂತವರನ್ನು ಕೆಳಗಿಳಿಸಿ, ಸೊಂಟ ನೆಟ್ಟಗಾಗುವವರೆಗೆ ಕಾಯಿರಿ, ಕುಡಿಯಲು ನೀರು ಕೊಡಿ. ಆಮೇಲೆ ಕೇಳಿ.