ದ್ವಿಚಕ್ರದೆಸೆ

ಜ್ಯೋತಿಷಿಗಳು ಗ್ರಹಗಳ ಸಂಖ್ಯೆಯನ್ನು ಒಂಬತ್ತಕ್ಕೆ ನಿಲ್ಲಿಸಿದುದು ಅವರ ಕಾಲದಲ್ಲಿ ಬೈಸಿಕಲ್ಲು ಇಲ್ಲದಿದ್ದುದರಿಂದಲೇ ಹೊರತು ಬೇರಾವ ಶಾಸ್ತ್ರಾಧಾರದಿಂದಲೂ ಅಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಶನಿಯು ಹಿಡಿದರೆ ಏಳೂವರೆ ವರ್ಷಕ್ಕಾದರೂ ಬಿಡುತ್ತಾನೆ. ಎಳ್ಳೆಣ್ಣೆಯ ದೀಪಕ್ಕೋ ಶನಿವಾರದ ಒಪ್ಪತ್ತಿಗೋ ಅಷ್ಟಿಷ್ಟು ಪ್ರಸನ್ನನಾಗುತ್ತಾನೆ. ಆದರೆ ಐವತ್ತರ ಆಸುಪಾಸಿನಲ್ಲಿ, ಮಕ್ಕಳು ಕೈಗೆ ಬಂದು ಸಕ್ಕರೆಯು ರಕ್ತಕ್ಕೆ ಬಂದ ಹೊತ್ತಿನಲ್ಲಿ, ಗೃಹಸ್ಥನನ್ನು ಹಿಡಿಯುವ ಈ ಹತ್ತನೆಯ ಗ್ರಹಕ್ಕೆ ಶಾಂತಿಯೂ ಇಲ್ಲ, ದಾನವೂ ಇಲ್ಲ. ಅದು ಬೇಡುವುದು ನಮ್ಮ ಭಾನುವಾರಗಳನ್ನು, ನಮ್ಮ ಮೊಣಕಾಲುಗಳನ್ನು ಮತ್ತು ನಮ್ಮ ಭವಿಷ್ಯನಿಧಿಯನ್ನು.

ಸೈಕಲ್ಲು ನನಗೆ ಅಪರಿಚಿತವಾದ ವಸ್ತುವೇನೂ ಅಲ್ಲ. ಸೀಟಿನ ಮೇಲೆ ಕುಳಿತರೆ ಪೆಡಲಿಗೆ ಕಾಲು ಎಟುಕದ ವಯಸ್ಸಿನಲ್ಲಿ, ಬಾರಿನ ಕೆಳಗಿನ ತ್ರಿಕೋನದೊಳಗೆ ಕಾಲು ತೂರಿಸಿ, ದೇಹವನ್ನು ಒಂದು ಪಾರ್ಶ್ವಕ್ಕೆ ನೇತುಹಾಕಿಕೊಂಡು ಬೀದಿಯನ್ನೆಲ್ಲ ಸುತ್ತಿದ ಪೀಳಿಗೆಯವನು ನಾನು. ತಂದೆಯವರ ಅಟ್ಲಾಸ್ ಸೈಕಲ್ಲು, 1951ರಲ್ಲಿ ಸೋನಿಪತದಲ್ಲಿ ಆರಂಭವಾದ ಆ ಕಾರ್ಖಾನೆಯ ಸಂತಾನ, ನಮ್ಮ ಮನೆಯ ರಾಗಿಯನ್ನು ಗಿರಣಿಗೂ, ತಂಗಿಯನ್ನು ಶಾಲೆಗೂ, ಅನಿಲದ ಸಿಲಿಂಡರನ್ನು ಅಡಿಗೆಮನೆಗೂ ಹೊತ್ತು ತಂದಿತು. ಅದರ ಸ್ವಂತ ತೂಕವೆಷ್ಟೆಂದು ಮನೆಯಲ್ಲಿ ಒಬ್ಬರೂ ಕೇಳಿದವರಲ್ಲ. ಈಗಿನ ಹವ್ಯಾಸಿಗಳ ಲೋಕದಲ್ಲಾದರೋ, ವರನ ಗೋತ್ರವನ್ನು ಕೇಳುವಂತೆ, ಮೊದಲು ಕೇಳುವುದೇ ಸೈಕಲ್ಲಿನ ತೂಕವನ್ನು. ನನ್ನದು ಇಂಗಾಲದ ನಾರಿನಿಂದಾದುದು, ಒಂದೇ ಕೈಯಲ್ಲಿ ಎತ್ತಬಹುದಾದುದು. ಆದರೂ ಸೀಟಿನ ಕೆಳಗಿನ ಕೊಳವೆಯನ್ನು ಬದಲಿಸಿದರೆ ಇನ್ನೂ ನೂರು ಗ್ರಾಂ ಇಳಿಯುವುದೆಂದು ಅಂಗಡಿಯ ತರುಣನು ಕಿವಿಯಲ್ಲಿ ಉಸುರಿದಾಗ, ಅದರ ಬೆಲೆಯನ್ನು ಕೇಳಿಯೂ ನಾನು ಚಂಚಲನಾಗಲಿಲ್ಲ. ಮನೆಯಲ್ಲಿ ವಿಷಯವನ್ನು ನಿವೇದಿಸಿದೆನು. ನನ್ನ ಧರ್ಮಪತ್ನಿಯು ನನ್ನ ಉದರಪ್ರದೇಶವನ್ನು ಕ್ಷಣಕಾಲ ಅವಲೋಕಿಸಿ, “ನೂರು ಗ್ರಾಂ ತಾನೆ? ರಾತ್ರಿ ಎರಡು ಚಪಾತಿ ಬಿಡಿ. ಕಾಸಿಲ್ಲದೆ ಇಳಿಯುತ್ತೆ” ಎಂದಳು. ವಿಜ್ಞಾನವನ್ನು ಸ್ತ್ರೀಯರಿಗೆ ವಿವರಿಸುವುದು ಕಷ್ಟವೆಂದುಕೊಂಡು ನಾನು ಕೊಳವೆಯನ್ನು ತಂದೆನು; ಚಪಾತಿಯನ್ನೂ ಬಿಡಲಿಲ್ಲ.

ಇನ್ನು ವೇಷ. ಸವಾರನ ವೇಗವು ಇಮ್ಮಡಿಯಾದರೆ ಗಾಳಿಯ ಪ್ರತಿರೋಧವು ನಾಲ್ಮಡಿಯಾಗುವುದೆಂದೂ, ಅದನ್ನು ಭೇದಿಸಲು ಎಂಟು ಮಡಿ ಶಕ್ತಿ ಬೇಕಾಗುವುದೆಂದೂ ಭೌತಶಾಸ್ತ್ರವು ಸಾರುವುದರಿಂದ, ವೇಗಿಗಳಾದವರು ಮೈಗಂಟಿದ ಉಡುಪನ್ನು ತೊಡುವರು. ಎತ್ತಿನ ಗಾಡಿಯನ್ನು ಹಿಂದೆ ಹಾಕುವುದಕ್ಕೂ ಇಳಿಜಾರಿಗಾಗಿ ಕಾಯುವ ನನ್ನಂಥವನಿಗೆ ಅದರಿಂದೇನು ಪ್ರಯೋಜನವೆಂದು ಕೇಳಬಾರದು. ಪ್ರಯೋಜನವನ್ನು ನೋಡಿ ವೇಷ ಹಾಕಿದವರು ಲೋಕದಲ್ಲಿ ಯಾರಿದ್ದಾರೆ? ತಲೆಗೆ ಹಳದಿಯ ಶಿರಸ್ತ್ರಾಣ, ಕೈಗೆ ಬೆರಳಿಲ್ಲದ ಗವಸು, ಮೈಗೆ ದೀಪ ಬಿದ್ದರೆ ಹೊಳೆಯುವ ಪಟ್ಟಿಗಳ ಅಂಗಿ, ಕಾಲಿಗೆ ಅಟ್ಟೆಯಲ್ಲಿ ಲೋಹವಿದ್ದು ನಡೆದರೆ ಟಕಟಕನೆ ಸದ್ದು ಮಾಡುವ ಪಾದರಕ್ಷೆ. ಮತ್ತು ಇವೆಲ್ಲಕ್ಕೂ ಕಿರೀಟಪ್ರಾಯವಾಗಿ, ಕುಳಿತುಕೊಳ್ಳುವ ಭಾಗದಲ್ಲಿ ದಪ್ಪನೆಯ ಮೆತ್ತೆಯನ್ನು ಹೊಲಿದ ಕಪ್ಪು ಚಡ್ಡಿ. ಇದನ್ನು ಧರಿಸಿ ಬೆಳಗಿನ ಕತ್ತಲೆಯಲ್ಲಿ ಮನೆ ಬಿಡುವುದು ಸುಲಭ. ಹತ್ತು ಗಂಟೆಯ ಬಿಸಿಲಿನಲ್ಲಿ, ನೆರೆಹೊರೆಯವರೆಲ್ಲ ಗೇಟಿನ ಬಳಿ ತರಕಾರಿ ಕೊಳ್ಳುತ್ತಿರುವಾಗ ಹಿಂದಿರುಗುವುದಕ್ಕೆ ಸ್ಥಿತಪ್ರಜ್ಞನೇ ಆಗಿರಬೇಕು.

ಮೈಸೂರಿನಲ್ಲಿದ್ದು ಸೈಕಲ್ ಹಿಡಿದವನಿಗೆ ಚಾಮುಂಡಿ ಬೆಟ್ಟವು ತಪ್ಪದು. ಅದು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮಿಕ್ಕ ಎತ್ತರದಲ್ಲಿದೆಯಾದರೂ ಊರೇ ಏಳುನೂರಕ್ಕೂ ಮೇಲಿರುವುದರಿಂದ ನಾವು ಹತ್ತಬೇಕಾದುದು ಉಳಿದಷ್ಟನ್ನು ಮಾತ್ರವೆಂದು ಗೆಳೆಯರು ಧೈರ್ಯ ಹೇಳಿದರು. 1817ರಲ್ಲಿ ಜರ್ಮನಿಯ ಕಾರ್ಲ್ ಫೊನ್ ಡ್ರೈಸ್ ಎಂಬಾತನು ನಿರ್ಮಿಸಿದ ಆದಿಮ ದ್ವಿಚಕ್ರಕ್ಕೆ ಪೆಡಲೇ ಇರಲಿಲ್ಲ. ನೆಲವನ್ನು ಕಾಲಿನಿಂದ ಒದ್ದುಕೊಂಡು ಮುಂದೆ ಸಾಗಬೇಕಾಗಿತ್ತು. ಬೆಟ್ಟದ ಮೂರನೆಯ ತಿರುವಿನಲ್ಲಿ ನಾನು ಆ ಪೂರ್ವಸೂರಿಯ ಪದ್ಧತಿಗೇ ಮರಳಿ, ಅಲ್ಲಿಂದ ಮುಂದೆ ಅದಕ್ಕೂ ಹಿಂದಿನ ಪದ್ಧತಿಯನ್ನು, ಎಂದರೆ ನಡೆದು ತಳ್ಳುವುದನ್ನು, ಅವಲಂಬಿಸಿದೆನು. ದೊಡ್ಡದೇವರಾಜ ಒಡೆಯರ ಕಾಲದಲ್ಲಿ, 1659ರಲ್ಲಿ ಕಡೆಯಲ್ಪಟ್ಟ ಮಹಾನಂದಿಯ ಸನ್ನಿಧಿಯನ್ನು ಸೇರುವ ವೇಳೆಗೆ, ಮೆಟ್ಟಿಲುಮೆಟ್ಟಿಲಿಗೂ ಬಾಗಿ ಅರಿಶಿನ ಕುಂಕುಮ ಹಚ್ಚುತ್ತ ಬರುತ್ತಿದ್ದ ಒಬ್ಬ ವೃದ್ಧೆಯು ಅಲ್ಲಿಗೆ ನನಗಿಂತ ಮೊದಲೇ ಬಂದು ಕುಳಿತಿದ್ದಳು. ನನ್ನನ್ನೂ ಸೈಕಲ್ಲನ್ನೂ ಕನಿಕರದಿಂದ ನೋಡಿ, “ಇದನ್ನ ಬೆಟ್ಟಕ್ಕೆ ತಳ್ಕೊಂಡು ಬರ್ತೀನಿ ಅಂತ ಹರಕೆ ಹೊತ್ತಿದ್ಯೇನಪ್ಪ?” ಎಂದಳು. ನಾನು ಹೌದೆಂದೆನು. ಅದಕ್ಕಿಂತ ಗೌರವದ ವಿವರಣೆ ನನ್ನಲ್ಲಿರಲಿಲ್ಲ.

ಗೆಳೆಯರ ವಿಚಾರವನ್ನು ಸಂಕ್ಷೇಪಿಸುತ್ತೇನೆ. ಅವರು ಬ್ರೆವೆ ಎಂಬ ದೀರ್ಘಯಾನಗಳನ್ನು ಮಾಡುವವರು. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಗಳೊಳಗೆ ಮುಗಿಸಿ, ನಡುನಡುವೆ ನಿಗದಿಯಾದ ಠಾಣೆಗಳಲ್ಲಿ ಚೀಟಿಗೆ ಮೊಹರು ಒತ್ತಿಸಿಕೊಂಡು ಬರುವವರು. ಅವರ ಕಾಶಿ ಇರುವುದು ಫ್ರಾನ್ಸ್ ದೇಶದಲ್ಲಿ: 1891ರಲ್ಲಿ ಆರಂಭವಾಗಿ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಯಾತ್ರೆ, 1200 ಕಿಲೋಮೀಟರು, ತೊಂಬತ್ತು ಗಂಟೆ. ಇಂಥವರ ಸಹವಾಸದಲ್ಲಿದ್ದುಕೊಂಡು, ಯಾರೂ ಜೊತೆಗಿಲ್ಲದ ದಿನ ನೋಡಿ, ನಾನು ಬನ್ನೂರಿನ ಮಾರ್ಗವಾಗಿ ಸೋಮನಾಥಪುರಕ್ಕೆ ಹೊರಟದ್ದು ಸಹಜವೇ ಆಗಿದೆ. 13ನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಸೋಮನಾಥನು ಕಟ್ಟಿಸಿದ ಆ ದೇವಾಲಯದ ಶಿಲ್ಪವೈಭವವನ್ನು ಕುರಿತು ಬರೆಯಲು ನನಗೆ ತುಂಬ ಆಸೆಯಿದೆ. ಆದರೆ ನಾನು ಅಲ್ಲಿಗೆ ತಲುಪಲಿಲ್ಲ.

ದಾರಿಯಲ್ಲಿ, ಒಂದು ಹಳ್ಳಿಯ ಹೊರವಲಯದಲ್ಲಿ, ಹಿಂದಿನ ಚಕ್ರವು ಪಂಚರಾಯಿತು. ಪಕ್ಕದಲ್ಲೊಂದು ವಿದ್ಯುತ್ ಕಂಬವಿದ್ದಿತು. ಸೈಕಲ್ಲನ್ನು ಅದಕ್ಕೆ ಒರಗಿಸಿ, ಆಯುಧಗಳ ಚೀಲವನ್ನು ಬಿಚ್ಚಿ, ಇಕ್ಕಳ, ಕೀಲಿ, ತಿರುಪುಳಿಗಳನ್ನು ನೆಲದ ಮೇಲೆ ಸಾಲಾಗಿ ಹರಡಿ, ಸೊಂಟ ಹಿಡಿದುಕೊಂಡದ್ದರಿಂದ ಬೆನ್ನನ್ನು ಹಿಂದಕ್ಕೆ ಬಾಗಿಸಿ ಒಮ್ಮೆ ಆಕಾಶವನ್ನು ನೋಡಿದೆನು. ಅಷ್ಟೇ ನಾನು ಮಾಡಿದ ಕಾರ್ಯ. ಎದುರಿನ ಚಪ್ಪರದಿಂದ ಜರಿಪೇಟದ ಯಜಮಾನರೊಬ್ಬರು ಎರಡೂ ಕೈಗಳನ್ನು ಚಾಚಿಕೊಂಡು ಧಾವಿಸಿ ಬಂದರು.

“ಅಂತೂ ಬಂದ್ರಲ್ಲ ಸ್ವಾಮಿ! ಮುಹೂರ್ತದಿಂದ ಕಾಯ್ತಾ ಇದ್ದೀವಿ. ಮೈಕಿಲ್ಲ, ಫ್ಯಾನಿಲ್ಲ, ಬೀಗರು ಬೆಂದ್ಹೋಗವ್ರೆ.”

ಹಳದಿಯ ಶಿರಸ್ತ್ರಾಣ, ಗವಸು, ಹೊಳೆಯುವ ಪಟ್ಟಿ, ಇಕ್ಕಳ, ಕಂಬ: ಸಾಕ್ಷ್ಯಗಳೆಲ್ಲವೂ ನನಗೆ ವಿರುದ್ಧವಾಗಿದ್ದವು. ನಾನು ಕರೆಂಟಿನವನಲ್ಲವೆಂದೂ, ಆರೋಗ್ಯಕ್ಕೋಸ್ಕರ ಮೈಸೂರಿನಿಂದ ಸೈಕಲ್ ತುಳಿದುಕೊಂಡು ಬಂದವನೆಂದೂ ಸವಿನಯವಾಗಿ ತಿಳಿಸಿದೆನು. ಯಜಮಾನರ ಕಣ್ಣು ತೇವವಾಯಿತು. “ಮೈಸೂರಿಂದ ತುಳ್ಕೊಂಡಾ! ಒಂದು ಜೀಪ್ ಕೊಡಬಾರ್ದಾ ನಿಮ್ಗೆ? ಇವರ ಮನೆ ಕಾಯ್ವಾಗ” ಎಂದು ಕಾಣದ ಮೇಲಧಿಕಾರಿಗಳನ್ನು ಶಪಿಸಿ, “ಮೊದ್ಲು ಊಟ. ಕೆಲಸ ಎಲ್ಲಿಗೋಯ್ತದೆ?” ಎಂದು ರಟ್ಟೆ ಹಿಡಿದರು. ನಾನು ನಿರಾಕರಿಸಿದಷ್ಟೂ ಅವರ ಆತಿಥ್ಯವು ಪ್ರಬಲವಾಗುತ್ತ ಹೋಯಿತು. ಏಕೆಂದರೆ ಊಟಕ್ಕೆ ಕರೆದರೂ ಬಾರದ ಕರೆಂಟಿನವನು ಇನ್ನೇನನ್ನೋ ಅಪೇಕ್ಷಿಸುತ್ತಿದ್ದಾನೆಂಬುದೇ ಅವರ ಲೋಕಾನುಭವ.

ಹೀಗೆ ನಾನು ಪಾದರಕ್ಷೆಗಳನ್ನು ಕಳಚಿ, ಶಿರಸ್ತ್ರಾಣವನ್ನು ತೊಡೆಯ ಪಕ್ಕದಲ್ಲಿಟ್ಟುಕೊಂಡು, ರೇಷ್ಮೆಸೀರೆ ಪಂಚೆಶಲ್ಯಗಳ ಪಂಕ್ತಿಯ ಮಧ್ಯದಲ್ಲಿ, ಆ ಚಡ್ಡಿಯಲ್ಲಿ, ಚಕ್ಕಂಬಕ್ಕಲು ಹಾಕಿ ಕುಳಿತೆನು. ಬಾಳೆಯೆಲೆಯ ತುದಿಗೆ ಉಪ್ಪು ಬಿದ್ದಿತು, ಕೋಸಂಬರಿ ಬಂದಿತು, ಪಲ್ಯಗಳು ಬಂದವು. ಎಡಗಡೆಯ ವೃದ್ಧರು ಬಹಳ ಹೊತ್ತಿನಿಂದ ನನ್ನ ಆಸನಭಾಗವನ್ನು ಗಂಭೀರವಾಗಿ ಪರಿಶೀಲಿಸುತ್ತಿದ್ದವರು, ಚಿತ್ರಾನ್ನದ ಹೊತ್ತಿಗೆ ಧೈರ್ಯ ತಂದುಕೊಂಡು, “ಈ ಚೆಡ್ಡಿ ಶಾಕು ಹೊಡೀದಂಗೆ ಮಾಡ್ಸಿರೋದಾ ಸ್ವಾಮಿ?” ಎಂದು ಕೇಳಿದರು. ನಮ್ಮ ರಸ್ತೆಗಳ ಹಳ್ಳಗಳನ್ನು ನೆನೆದು, ಸತ್ಯಕ್ಕೆ ಲೋಪ ಬಾರದ ಹಾಗೆ, ಅದಕ್ಕೆಂದೇ ಮಾಡಿಸಿದ್ದೆಂದು ಹೇಳಿದೆನು. ಅವರು ಆ ಸುದ್ದಿಯನ್ನು ತಮ್ಮ ಎಡಕ್ಕೆ ದಾಟಿಸಿದರು. ಒಬ್ಬಟ್ಟು ಬರುವಷ್ಟರಲ್ಲಿ ಅದು ಪಂಕ್ತಿಯನ್ನೆಲ್ಲ ಸುತ್ತಿ ಬಲಗಡೆಯಿಂದ ನನಗೇ ತಲುಪಿತು: ಒಳಗೆ ರಬ್ಬರಿದೆಯಂತೆ, ಹನ್ನೊಂದು ಸಾವಿರ ವೋಲ್ಟಿನ ತಂತಿಯ ಮೇಲೆ ಕುಳಿತರೂ ಏನೂ ಆಗುವುದಿಲ್ಲವಂತೆ, ಸರ್ಕಾರದವರು ಅಮೆರಿಕದಿಂದ ತರಿಸಿದ್ದಂತೆ. ಇಂಥ ಚಡ್ಡಿಯ ಮರ್ಯಾದೆಗಾಗಿ ನಾನು ಮೂರನೆಯ ಒಬ್ಬಟ್ಟನ್ನೂ ತುಪ್ಪ ಸಹಿತವಾಗಿ ಸ್ವೀಕರಿಸಬೇಕಾಯಿತು. ಹೊರಗಡೆ ಯಾವುದೋ ಮಗುವು ನನ್ನ ಲೋಹದ ಪಾದರಕ್ಷೆಗಳನ್ನು ತೊಟ್ಟು ಜಗಲಿಯ ಮೇಲೆ ಟಕಟಕನೆ ಓಡಾಡುತ್ತಿದ್ದುದು ಪಾಯಸದುದ್ದಕ್ಕೂ ಕೇಳಿಸುತ್ತಿತ್ತು.

ಕೈ ತೊಳೆದ ಕೂಡಲೇ, ತಪ್ಪಿಸಿಕೊಳ್ಳಲು ಅವಕಾಶವಾಗದಂತೆ, ದಿಬ್ಬಣವು ನನ್ನನ್ನು ಕಂಬದ ಬುಡಕ್ಕೆ ಕರೆದೊಯ್ದಿತು. ವಧೂವರರು ಬಾಸಿಂಗ ಸಹಿತ ಬಂದು ನಿಂತರು. ಬಲ್ಬು ಬದಲಾಯಿಸುವಾಗಲೂ ಪತ್ನಿಯಿಂದ ಸ್ಟೂಲು ಹಿಡಿಸಿಕೊಳ್ಳುವ ನಾನು, ಮೇಲಿನ ತಂತಿಗಳನ್ನು ನೋಡಿದೆನು. ಯಜಮಾನರು ನನ್ನನ್ನು ನೋಡಿದರು. ಊರು ನಮ್ಮಿಬ್ಬರನ್ನೂ ನೋಡಿತು. ಏನಾದರೂ ಮಾಡದೆ ಗತಿಯಿರಲಿಲ್ಲ. ಕೆಳಗೆ ಬಿದ್ದಿದ್ದ ಇಕ್ಕಳವನ್ನೆತ್ತಿ, ಎಲ್ಲ ಕುಶಲಕರ್ಮಿಗಳೂ ಮಾಡುವ ಹಾಗೆ ಒಮ್ಮೆ ತಲೆಯಲ್ಲಾಡಿಸಿ, ಅದರಿಂದ ಕಂಬವನ್ನು ಮೆಲ್ಲನೆ ಎರಡು ಬಾರಿ ತಟ್ಟಿದೆನು.

ಧ್ವನಿವರ್ಧಕವು ನಾಗಸ್ವರದ ನಟ್ಟನಡುವಿನಿಂದ ಆರ್ಭಟಿಸಿತು. ಫ್ಯಾನುಗಳು ತಿರುಗಿದವು. ಯಾವ ಊರಿನ ಯಾವ ಪುಣ್ಯಾತ್ಮನು ಆ ಕ್ಷಣದಲ್ಲಿ ಎಲ್ಲಿ ಯಾವ ಸ್ವಿಚ್ಚನ್ನು ಒತ್ತಿದನೋ ನಾನರಿಯೆ. ಯಜಮಾನರು ನನ್ನ ಗವಸಿನೊಳಕ್ಕೆ ನೂರರ ನೋಟೊಂದನ್ನು ತುರುಕಿದರು. ಬೇಡವೆಂದೆನು, ಇನ್ನೊಂದನ್ನು ತುರುಕಿದರು. ಮೂರನೆಯದು ಬರುವ ಮೊದಲು ನಾನು ಮುಯ್ಯಿ ಬರೆಯುವವರ ಬಳಿಗೆ ಓಡಿ ಆ ಹಣವನ್ನು ವಧೂವರರ ಹೆಸರಿಗೆ ಒಪ್ಪಿಸಿದೆನು. “ಕರೆಂಟಿನೋರು, ಇನ್ನೂರು” ಎಂದು ಅವರು ಪುಸ್ತಕದಲ್ಲಿ ದುಂಡಗೆ ಬರೆದುಕೊಂಡರು. ಆ ಮನೆಯವರು ನಾಳೆ ಮುಯ್ಯಿ ತೀರಿಸಲು ಯಾರ ಮನೆಯ ಮದುವೆಗೆ ಹೋಗುವರೆಂಬ ಚಿಂತೆ ನನಗೆ ಈಗಲೂ ಇದೆ. ನಾನು ಪಂಚರನ್ನು ಸರಿಪಡಿಸಿಕೊಂಡು ಹೊರಡುವಾಗ ತಾಂಬೂಲದ ಜೊತೆಗೆ ಎರಡು ತೆಂಗಿನಕಾಯಿಗಳನ್ನು ಕೊಟ್ಟರು. ನೂರು ಗ್ರಾಂ ಇಳಿಸಲು ನಾನು ತೆತ್ತ ಹಣದ ಮೇಲೆ ಒಂದು ಕಿಲೋಗೂ ಮಿಕ್ಕ ಸಿಪ್ಪೆಸಹಿತವಾದ ಫಲವು ತೂಗಾಡುತ್ತ ಮೈಸೂರಿಗೆ ಬಂದಿತು.

ಆದರೆ ಆ ಸಂಜೆಯ ದಾರಿಯಲ್ಲಿ ನಗು ಪೂರ್ತಿಯಾಗಿ ಉಳಿಯಲಿಲ್ಲ. ಬೆಳಕು ಮಂಕಾಗುತ್ತಿದ್ದಂತೆ, ನನ್ನ ಮುಂದೆ ಒಬ್ಬಾತನು ಹಳೆಯ ಸೈಕಲ್ಲಿನ ಕ್ಯಾರಿಯರಿಗೆ ಹುಲ್ಲಿನ ಹೊರೆಯನ್ನು ಬಿಗಿದು ತುಳಿಯುತ್ತಿದ್ದನು; ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ, ಚಪ್ಪಲಿಗೆ ಉಂಗುಷ್ಠವೂ ಇಲ್ಲ. ಹಿಂದಿನಿಂದ ಬಂದ ಬಸ್ಸೊಂದು ಉದ್ದಕ್ಕೂ ಹಾರನ್ ಒತ್ತಿಕೊಂಡು ನನ್ನ ಮೊಣಕೈಯನ್ನು ಸವರುವಷ್ಟು ಸಮೀಪದಲ್ಲಿ ಹಾದು ಅವನತ್ತ ನುಗ್ಗಿತು. ಅವನು ತಿರುಗಿಯೂ ನೋಡದೆ ಟಾರು ರಸ್ತೆಯಿಂದ ಮಣ್ಣಿಗಿಳಿದು, ಕಾಲೂರಿ ನಿಂತು, ಬಸ್ಸು ಹೋದ ಮೇಲೆ ಹೊರೆಯನ್ನು ಸರಿಪಡಿಸಿಕೊಂಡು ಮತ್ತೆ ಹತ್ತಿದನು. ಬೈಯಲಿಲ್ಲ. ಅದು ಅವನಿಗೆ ದಿನದಿನದ ಅಭ್ಯಾಸವೆಂಬುದು ಆ ಇಳಿದ ರೀತಿಯಿಂದಲೇ ತಿಳಿಯುತ್ತಿತ್ತು. ನಾನಾದರೋ ಗಟ್ಟಿಯಾಗಿ ಬೈದೆನು. ನನಗೆ ಅದು ವಾರಕ್ಕೊಮ್ಮೆಯ ಅವಮಾನ. ಬ್ಯಾಂಕಿನ ಸಾಲದಿಂದ ಕೊಂಡ ಕಾರಿನೊಳಗೆ ಕುಳಿತ ಕೂಡಲೇ ರಸ್ತೆಯನ್ನೂ ಕ್ರಯಕ್ಕೆ ಕೊಂಡವರಾಗಿ ವರ್ತಿಸುವ ನಮ್ಮ ಜನರನ್ನು ಕಂಡರೆ ನನಗೆ ರೇಗುತ್ತದೆ. 2006–07ರಿಂದ ನಮ್ಮ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚಿತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಕಂಡದ್ದು ಅವುಗಳ ಮೇಲೆಯೇ. ಸೈಕಲ್ಲು ಕೊಟ್ಟವರಿದ್ದರು, ಅದನ್ನು ತುಳಿಯಲು ರಸ್ತೆಯ ಅಂಚಿನಲ್ಲಿ ಎರಡು ಮೊಳ ಜಾಗ ಕೊಟ್ಟವರಿಲ್ಲ.

ಆದುದರಿಂದ ಮೋಟಾರು ವಾಹನಗಳ ಒಡೆಯರಾದ ಓದುಗರಲ್ಲಿ ನನ್ನದೊಂದು ಬಿನ್ನಹ. ಮೈಗಂಟಿದ ಉಡುಪಿನಲ್ಲಿ ಏದುಸಿರು ಬಿಡುತ್ತ ಹೋಗುವ ನಮ್ಮನ್ನು ಕಂಡು ನಗುವುದಾದರೆ ಧಾರಾಳವಾಗಿ ನಗಿರಿ; ಅದಕ್ಕೆಂದೇ ನಾವು ಹೊರಬಿದ್ದಿರುವೆವೆಂದು ತಿಳಿಯಿರಿ. ಆದರೆ ಸೈಕಲ್ಲನ್ನು ದಾಟುವಾಗ, ಅದರ ಮೇಲಿರುವವನು ಹವ್ಯಾಸಿಯಾಗಿರಲಿ, ಹುಲ್ಲಿನ ಹೊರೆಯವನಾಗಿರಲಿ, ಶಾಲೆಯ ಹುಡುಗಿಯಾಗಿರಲಿ, ಒಂದು ಮಾರು ಜಾಗ ಬಿಟ್ಟು ದಾಟಿರಿ. ಹಾರನ್ನು ಬೇಡ, ನೀವು ಬರುತ್ತಿರುವುದು ನಮಗೆ ಬಹಳ ದೂರದಿಂದಲೇ ಕೇಳಿಸಿರುತ್ತದೆ.