ಹತ್ತಿ ಗಿಡಕ್ಕೊಂದು ಬಹಿರಂಗ ಪತ್ರ

ಇಂದ: ಮಾನ್ವಿ ತಾಲ್ಲೂಕಿನ ಒಬ್ಬ ಹೈಸ್ಕೂಲ್ ಮಾಸ್ತರ
ಗೆ: ಶ್ರೀ ಹತ್ತಿ ಗಿಡದವರು, ದೇವದುರ್ಗ–ಮಾನ್ವಿ ಎರೆಹೊಲಗಳು
ವಿಷಯ: ಹತ್ತನೇ ತರಗತಿ ಪರೀಕ್ಷೆ ಮುಗಿಯುವವರೆಗೆ ಅರಳುವುದನ್ನು ಮುಂದೂಡುವ ಕುರಿತು

ಮಾನ್ಯರೇ,

ಜನವರಿ ಮುಗಿಯುತ್ತ ಬಂತು. ಚಳಿ ಇಳಿಯುತ್ತಿದೆ, ನಮ್ಮ ಹಾಜರಿಯೂ ಇಳಿಯುತ್ತಿದೆ. ಈ ಪತ್ರವನ್ನು ಮೇಲಿನವರಿಗೆ ಬರೆಯಬೇಕಿತ್ತು. ಆದರೆ ಈ ದಿನಗಳಲ್ಲಿ ನಮ್ಮ ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವವರು ನೀವು.

ನಿಮ್ಮ ಆಡಳಿತ ಕಂಡರೆ ಹೊಟ್ಟೆಕಿಚ್ಚು. ಬೆಳಗಾದರೆ ಹತ್ತಿ ಬಿಡಿಸಲು ಕರೆದೊಯ್ಯುವ ಟಂಟಂ ಗಾಡಿ ಮನೆ ಬಾಗಿಲಿಗೇ. ಮೌಲ್ಯಮಾಪನ ಕಿಲೋ ಲೆಕ್ಕದಲ್ಲಿ, ಫಲಿತಾಂಶ ಅಂದೇ ಸಂಜೆ, ತಕ್ಕಡಿಯಲ್ಲಿ. ಮರುಎಣಿಕೆಗೆ ಅರ್ಜಿ ಹಾಕಿದವರನ್ನು ನಾನು ಕಂಡಿಲ್ಲ. ನಾವು ಬಿಸಿಯೂಟ, ಹಾಲು, ಮೊಟ್ಟೆ ಕೊಡುತ್ತೇವೆ, ಜೊತೆಗೆ ಮುಂದೊಂದು ದಿನ ಒಳ್ಳೆಯದಾಗುತ್ತದೆಂಬ ಮಾತನ್ನೂ ಕೊಡುತ್ತೇವೆ. ನೀವು ಸಂತೆಯ ಹೊತ್ತಿಗೆ ರೊಕ್ಕ ಕೊಡುತ್ತೀರಿ.

ಮೊನ್ನೆ ರಾಯಚೂರಿನಲ್ಲಿ ನಮಗೊಂದು ತರಬೇತಿ. ಕೊನೆಯ ಎರಡು ತಿಂಗಳು ಶಿಕ್ಷಕರೂ ಮಕ್ಕಳೂ ‘ನಿರಂತರ ಬೆಳೆಯುತ್ತಿರಬೇಕು’ ಎಂದರು. (ಚಹಾ ಚೆನ್ನಾಗಿತ್ತು.) ತಲಾ ಐದು ಮಕ್ಕಳನ್ನು ದತ್ತು ತಗೊಳ್ಳಿ, ನಸುಕಿನಲ್ಲಿ ಫೋನ್ ಮಾಡಿ ಎಬ್ಬಿಸಿ ಎಂದರು. ಎಬ್ಬಿಸಿದೆ. “ಎದ್ದೀನ್ರಿ ಸರ್. ರೊಟ್ಟಿ ಬಡದೀನಿ, ಗಾಡಿ ಬಂದೈತ್ರಿ, ಇಡ್ತೀನ್ರಿ” ಎಂದಳು ಆ ಐವರಲ್ಲೊಬ್ಬ ಹುಡುಗಿ. ಅವಳ ಅಪ್ಪ–ಅವ್ವ ಗುಳೆ ಹೋಗಿ ಬೆಂಗಳೂರಿನಲ್ಲಿ ಯಾರದೋ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊರುತ್ತಿದ್ದಾರೆ. ತಮ್ಮನನ್ನು ಸಾಕುವ ಪಾಠವೊಂದೇ ಅವಳಿಗೆ ಪೂರ್ತಿ ಮುಗಿದಿರುವುದು.

ಕಾಯ್ದೆಯ ಮಾತು ಎತ್ತೋಣವೇ? 14 ವರ್ಷದೊಳಗಿನವರನ್ನು ಯಾವ ದುಡಿಮೆಗೂ ಹಚ್ಚಬಾರದು ಎನ್ನುತ್ತದೆ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ. ಶಾಲೆ ಬಿಟ್ಟ ಮೇಲೆ ಮನೆಯವರಿಗೆ ನೆರವಾದರೆ ಅಡ್ಡಿಯಿಲ್ಲವಂತೆ. ಅಂದಿನಿಂದ ಟಂಟಂ ತುಂಬ ಬರೀ ಮನೆಯವರೇ. ನನ್ನ ಹತ್ತನೆಯವರಿಗೆ 15 ತುಂಬಿರುವುದರಿಂದ ಕಾಯ್ದೆ ಅವರನ್ನು ಅಷ್ಟಾಗಿ ವಿಚಾರಿಸುವುದೂ ಇಲ್ಲ.

2002ರಲ್ಲಿ ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಪಟ್ಟಿ ಮಾಡಿತು. ದೇವದುರ್ಗ ಅದರಲ್ಲಿತ್ತು. ಆ ವರ್ಷ ಹುಟ್ಟಿದವರು ಈಗ ತಮ್ಮ ಕೂಸುಗಳನ್ನು ಬದುವಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಮಲಗಿಸಿ ನಿಮ್ಮ ಸಾಲು ಹಿಡಿಯುತ್ತಾರೆ. ಇನ್ನು ಹತ್ತನೆಯ ಫಲಿತಾಂಶದ ಕತೆ: 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಾಗ ಅದು ಕುಸಿಯಿತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ ರಾಜ್ಯವನ್ನು ಶೇ 73.40ಕ್ಕೆ ಎತ್ತಬೇಕಾಯಿತು. ಖಾಲಿ ಬೆಂಚಿನ ಕಡೆಗೂ ಒಂದು ಕ್ಯಾಮೆರಾ ತಿರುಗಿಸಿದ್ದರೆ ಕಾರಣ ಜನವರಿಯಲ್ಲೇ ಕಾಣುತ್ತಿತ್ತು.

ನನ್ನ ಬೇಡಿಕೆ ಸಣ್ಣದು: ಭಾನುವಾರ ಮಾತ್ರ ಅರಳಿ. ಅದಾಗದಿದ್ದರೆ ನಿಮ್ಮ ಧಣಿಗಳ ಕಿವಿಗೆ ಒಂದು ಮಾತು ಹಾಕಿ. ದೊಡ್ಡವರ ಕೂಲಿ ಮನೆ ನಡೆಸುವಷ್ಟಿದ್ದರೆ ಚಿಕ್ಕವರು ಗಾಡಿ ಹತ್ತುವುದಿಲ್ಲ.

ತಮ್ಮ ವಿಧೇಯ,
ಖಾಲಿ ಬೆಂಚುಗಳ ಮಾಸ್ತರ

ಪ್ರತಿ: ಮೆಣಸಿನ ಗಿಡಕ್ಕೆ, ಮಾಹಿತಿಗಾಗಿ. ನಿಮ್ಮ ಪಾಳಿ ಫೆಬ್ರುವರಿಗೆ. ಗಣಿತದ ಪೂರ್ವಸಿದ್ಧತಾ ಪರೀಕ್ಷೆಯೂ ಆಗಲೇ ಇದೆ.