ಭತ್ತ, ಬಂಗಾರ, ಬಂಡೆ ಮತ್ತು ಅಜ್ಜನ ಟ್ರಂಕು

ಮನೆಯಲ್ಲಿ ಹಳೆಯ ಪುಸ್ತಕಗಳಿವೆ ಎಂಬ ಸುದ್ದಿ ಹೊರಗೆ ಹೋಗಬಾರದು. ಹೋದರೆ ಓದುವುದಕ್ಕೆ ಯಾರೂ ಬರುವುದಿಲ್ಲ; ಕಾಪಾಡುವುದು ಹೇಗೆಂದು ಹೇಳುವುದಕ್ಕೆ ಎಲ್ಲರೂ ಬರುತ್ತಾರೆ. ನಮ್ಮ ನೆಂಟರು ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ಹಂಚಿಹೋಗಿರುವುದರಿಂದ ಅಜ್ಜನ ಟ್ರಂಕಿಗೆ ಮೂರು ತಾಲೂಕಿನ ಸಲಹೆ. ಪ್ರತಿ ಊರೂ ತಾನು ಬಲ್ಲ ಸರಕಿನ ಲೆಕ್ಕದಲ್ಲೇ ಪುಸ್ತಕವನ್ನು ತೂಗುತ್ತದೆ.

ಸಿಂಧನೂರಿನವರಿಗೆ ಅದು ಭತ್ತ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದಂದಿನಿಂದ ತೇವ, ನುಸಿ, ಗೋದಾಮು ಇವುಗಳಲ್ಲಿ ಅವರು ಪಂಡಿತರು. ಅಕ್ಕಿ ಗಿರಣಿಯ ಭಾವ ಹಾಳೆ ಮುಟ್ಟಿ ನೋಡಿ, “ಅಂಗಳದಾಗ ಹರವ್ರಿ. ಬಗ್ಗಲಿಲ್ಲಂದ್ರ ಗೋದಾಮಿನ ಗುಳಿಗಿ ಅದಾವ” ಎಂದ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಕೊರತೆಯಿಲ್ಲ. ಆದರೆ ಮರದ ತಿರುಳಿನ ಅಗ್ಗದ ಕಾಗದದೊಳಗೆ ಮೊದಲೇ ಆಮ್ಲ ಕೂತಿರುತ್ತದೆ. ಬಿಸಿಲು ತಾಗಿದರೆ ಹಾಳೆ ಹಪ್ಪಳದಂತೆ ಮುರಿಯುತ್ತದೆ. ಇನ್ನು ಆ ಗುಳಿಗೆ ಬಿಡುವ ಫಾಸ್ಫೀನ್ ಅನಿಲಕ್ಕೆ ಹುಳ ಯಾವುದು, ಮಾಲೀಕ ಯಾರು ಎಂಬ ಭೇದವಿಲ್ಲ. ಪುಸ್ತಕ ಉಳಿದು ವಾರಸುದಾರರೇ ಖಾಲಿಯಾದರೆ ಏನು ಬಂತು? ಒಣಗಿದ ಬೇವಿನೆಲೆ, ಬಜೆ ಬೇರಿನ ಮಟ್ಟಿಗೆ ರಾಜಿಯಾದೆವು.

ಲಿಂಗಸುಗೂರಿನವರಿಗೆ ಅದು ಬಂಗಾರ. ಹಟ್ಟಿ ಚಿನ್ನದ ಗಣಿ ಇರುವುದೇ ಅವರ ತಾಲೂಕಿನಲ್ಲಿ. ಚಿಕ್ಕಪ್ಪನ ಅಪ್ಪಣೆ: ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಡಾಂಬರು ಗುಳಿಗೆ ಹಾಕಿ, ಕಬ್ಬಿಣದ ಬೀರುವಿನಲ್ಲಿಟ್ಟು ಕೀಲಿ ಜಡಿಯಬೇಕು. ಬಂಗಾರಕ್ಕೆ ಉಸಿರು ಬೇಡ. ಕಾಗದ ಮಾತ್ರ ತೇವ ಹೀರುತ್ತ, ಬಿಡುತ್ತ ಇರುತ್ತದೆ. ಪ್ಲಾಸ್ಟಿಕ್ಕಿನೊಳಗೆ ಬೆವರಿದರೆ ಬೂಸಲು ಗ್ಯಾರಂಟಿ. ಬೆಳ್ಳಿಹುಳಕ್ಕೂ ಬೇಕಾದದ್ದು ಕತ್ತಲೆ, ತೇವ, ರಟ್ಟಿಗೆ ಹಚ್ಚಿದ ಗಂಜಿಯ ಅಂಟು. ಊಟ, ವಸತಿ ಎರಡೂ ಸಿಕ್ಕ ಮೇಲೆ ಹೊರಗಿನ ಕೀಲಿ ಅದರ ಪಾಲಿಗೆ ಪೊಲೀಸ್ ಬಂದೋಬಸ್ತು.

ಮಸ್ಕಿಯವರ ಗತ್ತೇ ಬೇರೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಅಲ್ಲಿನ ಬಂಡೆಯ ಶಾಸನದಿಂದಲೇ ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದು ಖಚಿತವಾದದ್ದು. “ಎರಡು ಸಾವಿರ ವರ್ಷ ಮ್ಯಾಲಾತು, ಒಂದು ಒರಲಿ ಹತ್ತಿಲ್ಲ. ನಿಮ್ಮಜ್ಜಗ ಕಾಗದ ಯಾಕ ಬೇಕಿತ್ತು?” ಎಂದು ಅಲ್ಲಿನ ಅಳಿಯ ಕೇಳಿದ. ಅಜ್ಜ ಚಕ್ರವರ್ತಿಯಾಗಿರಲಿಲ್ಲ, ಬಂಡೆ ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರ್ ಲಗೇಜು ಕೇಳುತ್ತಾನೆ. ಅಲ್ಲದೆ ಆ ಬಂಡೆಯ ಮೇಲೂ ಕೆಲವು ಅಕ್ಷರ ಅಳಿಸಿವೆ ಎಂದೆ. ಅಳಿಯ ಚಹಾ ಮುಗಿಸದೆ ಎದ್ದ.

ಇಷ್ಟಕ್ಕೂ ಟ್ರಂಕಿನಲ್ಲಿ ಮುಖ್ಯವಾದವು ಎರಡೇ. ಒಂದು, ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರ. ಅಜ್ಜಿ ಏಕಾದಶಿಗೊಮ್ಮೆ ತೆಗೆದು, ಕೊಡವಿ, ದೀಪದೆಣ್ಣೆಯ ಬೆರಳಲ್ಲೇ ಮಗುಚಿದ ಪ್ರತಿ. ಹೊಲಿಗೆ ಬಿಚ್ಚಿದೆ, ಅಂಚು ಕಪ್ಪಾಗಿದೆ, ಹುಳದ ತೂತು ಮಾತ್ರ ಒಂದೂ ಇಲ್ಲ. ಅಷ್ಟು ಗದ್ದಲದ ಮನೆಯಲ್ಲಿ ಹುಳವಾದರೂ ಸಂಸಾರ ಹೂಡುವುದು ಹೇಗೆ?

ಇನ್ನೊಂದು, ನಿಜಾಮರ ಕಾಲದ ಉರ್ದು ಪುಸ್ತಕ. ಅಜ್ಜ ಉರ್ದು ಶಾಲೆಯಲ್ಲಿ ಕಲಿತವರು. 1948ರ ನಂತರ ಬೆಳೆದ ನಮಗೆ ಆ ಲಿಪಿ ಬಾರದು. ಬಾರದ್ದರಿಂದಲೇ ಭಕ್ತಿ ಹೆಚ್ಚು. ಕೆಂಪು ಬಸ್ತಾದಲ್ಲಿ ಕಟ್ಟಿ, ಮಹಾನವಮಿಗೆ ಕುಂಕುಮವೇರಿಸಿ, ಬಿಚ್ಚದೆ ಒಳಗಿಡುತ್ತಿದ್ದೆವು. ಅದರೊಳಗೆ ನಮ್ಮ ಕಳೆದುಹೋದ ಹೊಲದ ಪಟ್ಟಾ ಇದೆ ಎಂದು ಮೂರೂ ತಾಲೂಕಿನ ಪಾಲುದಾರರ ನಂಬಿಕೆ. ಕಾಳಜಿಯ ಬೇರು ಅಲ್ಲಿತ್ತು. ಕಡೆಗೆ ನಿವೃತ್ತ ಉರ್ದು ಮೇಷ್ಟ್ರೊಬ್ಬರನ್ನು ಕರೆಸಿ, ಎಲ್ಲರೆದುರು ಬಸ್ತಾ ಬಿಚ್ಚಿದೆವು. ತೂತುಗಳ ನಡುವೆ ಉಳಿದದ್ದನ್ನು ಓದಿ ಮೇಷ್ಟ್ರು, “ಇದು ಶಾಲಿ ಹುಡುಗರ ಗಣಿತ. ಬಡ್ಡಿ ಲೆಕ್ಕ” ಎಂದರು.

ಪಾಲು ಕೇಳುತ್ತಿದ್ದವರೆಲ್ಲ ಒಮ್ಮೆಲೇ ಉದಾರಿಗಳಾಗಿ, “ನೀವೇ ಇಟ್ಟುಕೊಳ್ರಿ” ಎಂದರು. ಅಂದಿನಿಂದ ಸಲಹೆಗಳೂ ನಿಂತಿವೆ. ಪುಸ್ತಕಗಳು ಈಗ ಗೋಡೆಯಿಂದ ಗೇಣು ದೂರ, ನೆರಳಲ್ಲಿ, ಗಾಳಿಯಾಡುವ ಕಪಾಟಿನಲ್ಲಿವೆ. ಮೇಷ್ಟ್ರು ಆಗಾಗ ಬಂದು ಬಡ್ಡಿ ಲೆಕ್ಕ ಬಿಡಿಸಿ ಹೋಗುತ್ತಾರೆ. ಉತ್ತರದ ಪುಟವನ್ನು ಹುಳ ತಿಂದಿರುವುದರಿಂದ ಅವರು ಹೇಳಿದ್ದೇ ಸರಿ.